ಡಬ್ಬಿಗೆ ಸುಳ್ಳು ಕಲಿಸಿದ ದೊಡ್ಡವ್ವ

ನಮ್ಮ ದೊಡ್ಡವ್ವನನ್ನು ಜಗಳಗಂಟಿ ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ಜಗಳಗಂಟರಿಗೆ ಒಂದು ಕಾರಣವಾದರೂ ಬೇಕು. ಈಕೆಗೆ ಎದುರಿಗೊಬ್ಬ ಮನುಷ್ಯನಿದ್ದರೆ ಸಾಕು!

ನಾನು ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ತಂದ ದಿನ ಅದನ್ನು ತಿರುಗಿಸಿ ನೋಡಿ, “ಎದುರಿಗಿದ್ದೋರಿಗೆ ಜ್ವರ ಬಂದಿತ್ತೇನು?” ಎಂದಿದ್ದಳು. ಒಮ್ಮೆ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವಾಗ ಕಿಟಕಿ ಸೀಟಿನ ವಿಚಾರಕ್ಕೆ ದಾರಿಯುದ್ದಕ್ಕೂ ಕಂಡಕ್ಟರನ ಜೊತೆ ವಾದಿಸಿದಳು. ಇಳಿಯುವಾಗ ಅವನು ಕೈಮುಗಿದ. ಈಕೆ ಕೇಳಿದ್ದೇನು ಗೊತ್ತೇ? ವಾಪಸ್ ಎಷ್ಟು ಹೊತ್ತಿಗೆ ಹೊರಡುತ್ತೀಯಪ್ಪ, ನಿನ್ನ ಬಸ್ಸಿಗೇ ಬರುತ್ತೇನೆ ಎಂದು!

ಮನೆ ತುಂಬ ಜನರಿದ್ದೇವೆ, ಆದರೆ ಎಲ್ಲರೂ ಎಂದೋ ಸೋತು ಶರಣಾದವರು. ಆಕೆ ಬಾಯಿ ತೆರೆಯುವ ಮೊದಲೇ ‘ಹೌದು’ ಎನ್ನುತ್ತೇವೆ. ಎದುರಾಳಿಯೇ ಒಪ್ಪಿಬಿಟ್ಟರೆ ವಾದಿ ಏನು ಮಾಡಬೇಕು? ಸಮಬಲದವಳೆಂದರೆ ದಿನಾ ಬೆಳಿಗ್ಗೆ ಕಸದ ಗಾಡಿಯಲ್ಲಿ ಬರುವ ಹುಲಿಗೆಮ್ಮ ಒಬ್ಬಳೇ. ಉಳ್ಳಾಗಡ್ಡಿ ಸಿಪ್ಪೆ ಹಸಿ ಕಸವೋ ಒಣ ಕಸವೋ ಎಂಬ ಮೊಕದ್ದಮೆ ಇವರಿಬ್ಬರ ನಡುವೆ ವರ್ಷಗಳಿಂದ ನಡೆದಿತ್ತು. ಡ್ರೈವರ್ ಹಾರ್ನ್ ಹೊಡೆದರೆ ಇಬ್ಬರೂ ಒಂದಾಗಿ ಅವನನ್ನು ಬೈಯುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯೆದುರಿಗೆ ಸೆನ್ಸರ್ ಇರುವ ಕಸದ ಡಬ್ಬಿಗಳು ಬಂದವು. ಕಸ ಎಷ್ಟು ಮೇಲೆ ಬಂದಿದೆ ಎಂದು ಮುಚ್ಚಳದೊಳಗಿನ ಕಣ್ಣು ಅಳೆಯುತ್ತದೆ. ತುಂಬಿದರೆ ಡ್ರೈವರನ ಮೊಬೈಲಿಗೆ ಸಂದೇಶ. ಆಗ ಮಾತ್ರ ಗಾಡಿ. ಇದರ ಪರವಾಗಿ ಇಡೀ ಓಣಿ, ವಿರೋಧವಾಗಿ ನಾನು! ವಾರದೊಳಗೆ ಕೆಡುತ್ತದೆ ಎಂದು ವಾದಿಸಿದೆ. ಕೆಡಲಿಲ್ಲ. ಗಾಡಿ ಮೂರ್ನಾಲ್ಕು ದಿನಕ್ಕೊಮ್ಮೆ ಬಂದರೂ ಓಣಿ ಸ್ವಚ್ಛವಾಗಿಯೇ ಇತ್ತು. ದೊಡ್ಡವ್ವ ಮಾತ್ರ ಸಪ್ಪಗಾದಳು. ಸಾರಿಗೆ ಉಪ್ಪು ಮರೆತರೂ ಬೈಯಲಿಲ್ಲ. ಗಾಬರಿಯಾದ ಅವ್ವ ಡಾಕ್ಟರಿಗೆ ತೋರಿಸೋಣ ಎಂದಳು.

ಕೊನೆಗೂ ಯಂತ್ರ ಕೆಟ್ಟಿತು! ಅರ್ಧವೂ ತುಂಬದ ಡಬ್ಬಿ ದಿನಾ ಬೆಳಿಗ್ಗೆ ‘ತುಂಬಿದ್ದೇನೆ’ ಎಂದು ಗಾಡಿಯನ್ನು ಕರೆಯತೊಡಗಿತು. ಉಳ್ಳಾಗಡ್ಡಿ ಸಿಪ್ಪೆ ಮತ್ತೆ ಚರ್ಚೆಗೆ ಬಂತು. ‘ನಾ ಹೇಳಿದ್ದೆ’ ಎಂದು ನಾನು ಓಣಿಯಲ್ಲಿ ವಿಜಯಯಾತ್ರೆ ಹೊರಟೆ.

ಒಂದು ದಿನ ದೊಡ್ಡವ್ವ ಬಚ್ಚಲಲ್ಲಿದ್ದಾಗಲೇ ಗಾಡಿಯ ಮೈಕಿನ ಹಾಡು ಕೇಳಿಸಿತು. ಡಬ್ಬಿಯ ಮುಚ್ಚಳ ತೆಗೆದ ಹುಲಿಗೆಮ್ಮ ನೇರವಾಗಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ನಮ್ಮ ಅಡುಗೆಮನೆಯ ಮೊರ! ನಸುಕಿನಲ್ಲಿ ಅದನ್ನು ಮುಚ್ಚಳದ ಕೆಳಗೆ ಸಿಕ್ಕಿಸುವುದು, ಹಾಡು ಕೇಳಿದೊಡನೆ ಓಡಿಹೋಗಿ ತೆಗೆಯುವುದು, ಇದು ದೊಡ್ಡವ್ವನ ದಿನಚರಿಯಾಗಿತ್ತಂತೆ. ಯಂತ್ರದ ಕಣ್ಣಿಗೆ ಮೊರವೇನು, ಕಸವೇನು? ಮಣ್ಣುಪಾಲಾದದ್ದು ನನ್ನ ವಿಜಯ.

“ಮೊರ ಹಸಿ ಕಸನೋ, ಒಣ ಕಸನೋ? ಹೇಳ್ರಿ ದೊಡ್ಡವ್ವಾ.”

ಒದ್ದೆ ಕೂದಲಲ್ಲೇ ಬಚ್ಚಲಿನಿಂದ ಓಡಿಬಂದಿದ್ದ ದೊಡ್ಡವ್ವ ಮೊರಕ್ಕೆ ಕೈ ಚಾಚಿದಳು. ಹುಲಿಗೆಮ್ಮ ಮೊರ ಒರೆಸಿ ಗೋಡೆಗೆ ಒರಗಿಸಿದಳು. “ಸುಳ್ಳು ಹೇಳಿ ಕರೀಬ್ಯಾಡ್ರಿ. ಖಾಲಿ ಡಬ್ಬಿಗೆ ಯಾಕ ಹೋದಿ ಅಂತ ಆಫೀಸಿನ್ಯಾಗ ಡ್ರೈವರಗ ಬೈತಾರ.”

ಮರುದಿನ ಡಬ್ಬಿ ಸತ್ಯ ನುಡಿಯಿತು. ಗಾಡಿ ಬರಲಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ ದೊಡ್ಡವ್ವನನ್ನು ಕೆಣಕಲೆಂದೇ ನಾನು ಒಗ್ಗರಣೆ ಮಂಡಕ್ಕಿಗೆ ಸಕ್ಕರೆ ಹಾಕಬೇಕು ಎಂದೆ. “ಹಾಕ್ಕೋ,” ಎಂದಳು.

ಬಿಸಿಲೇರಿದ ಮೇಲೆ, ಕೆಲಸ ಮುಗಿಸಿ ಕೈಗವಸು ಕಳಚಿ, ಹುಲಿಗೆಮ್ಮ ನಡೆದುಕೊಂಡೇ ಬಂದಳು. ದೊಡ್ಡವ್ವನ ಪಕ್ಕ ಕೂತು ಕಾಲು ಚಾಚಿದಳು.

“ಉಳ್ಳಾಗಡ್ಡಿ ಸಿಪ್ಪಿ ಹಸಿ ಕಸಾನ ಐತಿ,” ಎಂದಳು.

ದೊಡ್ಡವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಮೊದ್ಲ ಚಾ ಕುಡಿ. ಆಮ್ಯಾಲ ಹೇಳ್ತೀನಿ ನಿನಗ.”