ಭಾವನ ಹೀಟರು, ಅಮ್ಮನ ಮೊಸರು

ಆಸ್ಟ್ರೇಲಿಯಾದ ಹಣದುಬ್ಬರವನ್ನು ಸರಿಯಾಗಿ ಅಳೆಯಬಲ್ಲವರು ಇಡೀ ದೇಶದಲ್ಲಿ ಒಬ್ಬರೇ ಇದ್ದರು, ಅವರು ನಮ್ಮ ಭಾವ. ಇದು ನನ್ನ ಅಭಿಪ್ರಾಯವಲ್ಲ, ಅವರದೇ!

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಓದಲೆಂದು ಅಡಿಲೇಡಿಗೆ ಬಂದು ಅಕ್ಕನ ಮನೆಯಲ್ಲಿದ್ದೆ. ಭಾವ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಊರವರಿಗೆಲ್ಲ ನಿದ್ದೆ ಬರಿಸುವುದು ಅವರ ವೃತ್ತಿ, ಮನೆಯವರ ನಿದ್ದೆ ಕೆಡಿಸುವುದು ಹವ್ಯಾಸ. ರೇಡಿಯೋದಲ್ಲಿ ಬೆಲೆಯೇರಿಕೆಯ ಸುದ್ದಿ ಬಂದರೆ ಸಾಕು, ತಟ್ಟೆ ಬಿಟ್ಟು ಏಳುತ್ತಿದ್ದರು.

"ಈ ಸರ್ಕಾರದವರು ಬಿಯರ್ ಬೆಲೆ ಲೆಕ್ಕ ಹಾಕ್ತಾರೆ, ಕುರಿಮಾಂಸದ್ದು ಹಾಕ್ತಾರೆ. ನಮ್ಮನೇಲಿ ಯಾರು ಕುಡೀತಾರೆ, ಯಾರು ತಿಂತಾರೆ? ನಮ್ಮ ಹಣದುಬ್ಬರ ನಾವೇ ಅಳೀಬೇಕು."

ಅಳೆಯುವುದು ಹೇಗೆ? ಮೊಸರಿನಿಂದ! ಮುಂದಿನ ಕೋಣೆಯಲ್ಲಿ ಕೆಂಪಗೆ ಕಾಯುವ ಎರಡು ಕಡ್ಡಿಗಳ ಹಳೆಯ ಕರೆಂಟ್ ಹೀಟರು, ಪಕ್ಕದ ಸ್ಟೂಲಿನ ಮೇಲೆ ಹೆಪ್ಪು ಹಾಕಿದ ಪಾತ್ರೆ. ಒಂದು ಕಡ್ಡಿ ರಾತ್ರಿಯಿಡೀ ಉರಿದರೆ ಬೆಳಿಗ್ಗೆ ಮೊಸರು ಗಟ್ಟಿ. ಪ್ರತಿ ಚಳಿಗಾಲವೂ ಅಷ್ಟೇ ಬಿಸಿ, ಅದೇ ಮೊಸರು. ಆದರೂ ಕರೆಂಟ್ ಬಿಲ್ಲು ಏರಿದರೆ ಆ ಏರಿಕೆಯೇ ಹಣದುಬ್ಬರ. ಗಣೇಶನ ಹಬ್ಬಕ್ಕೆ ಅದೇ ಕೋಣೆಯಲ್ಲಿ ಸೇರುತ್ತಿದ್ದ ಕನ್ನಡದ ಡಾಕ್ಟರ ಸಂಸಾರಗಳೆದುರು, ಮಂಗಳಾರತಿ ಮುಗಿದು ಕೋಸಂಬರಿ ಹಂಚುವ ಮುನ್ನ, ಭಾವ ಹಣಕಾಸು ಮಂತ್ರಿಗಳ ಹಾಗೆ ಆ ವರ್ಷದ ದರ ಘೋಷಿಸುತ್ತಿದ್ದರು. ದರ ಸರ್ಕಾರದ್ದಕ್ಕಿಂತ ಹೆಚ್ಚು ಬಂದರೆ ಅವರಿಗೆ ಮಗನಿಗೆ ರ್‍ಯಾಂಕ್ ಬಂದಷ್ಟು ಖುಷಿ.

ಲೆಕ್ಕ ಕೆಡಬಾರದೆಂದು ಅವರು ಪಟ್ಟ ಪಾಡು ಕೇಳಬೇಡಿ. ಜುಲೈ ಚಳಿಯಲ್ಲಿ ನೆಂಟರು ಊಟಕ್ಕೆ ಬಂದರೆ ಕಿಟಕಿ ತೆರೆದಿಡುತ್ತಿದ್ದರು. "ಇಷ್ಟು ಜನ ಕೂತ್ರೆ ರೂಮು ತಾನಾಗೇ ಬಿಸಿಯಾಗತ್ತೆ, ಆಮೇಲೆ ನನ್ನ ಹೀಟರ್ ಗತಿ ಏನು?"

ಬಂದವರ ಮಗು, "ಅಂಕಲ್, ಇಟ್ಸ್ ಫ್ರೀಜಿಂಗ್" ಎಂದು ಅಳುತ್ತಿತ್ತು. ಅಕ್ಕ ಬಿಸಿ ಸಾರನ್ನು ಲೋಟಕ್ಕೆ ಬಗ್ಗಿಸಿ ಮಗುವಿನ ಕೈಗೆ ಕೊಡುತ್ತಿದ್ದಳು.

ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿದ್ದ ಗೆಳೆಯರಿಗೂ ಒಮ್ಮೆ ಫೋನು ಮಾಡಿ ವಿಚಾರಿಸಿದರು. ಅಲ್ಲಿ ಹೀಟರೇ ಇಲ್ಲವಂತೆ.

"ಹಾಗಾದ್ರೆ ನಿಮ್ಮೂರಲ್ಲಿ ಹಣದುಬ್ಬರಾನೇ ಇಲ್ಲ, ಪುಣ್ಯವಂತರು ನೀವು."

"ಬ್ರೆಡ್ ಬೆಲೆ ಏರಿದೆಯಲ್ಲ ಮಾರಾಯಾ!"

"ಅದು ಬ್ರೆಡ್ಡಿಗೆ ಬಂದ ಕಾಯಿಲೆ. ಹಣದುಬ್ಬರ ಅಲ್ಲ."

ಹೀಗಿರುವಾಗ ಒಂದು ಚಳಿಗಾಲ ನಮ್ಮಮ್ಮ ಮೈಸೂರಿನಿಂದ ಬಂದಳು. ಅಪ್ಪ ಹೋದ ಮೇಲೆ ಅವಳು ಮನೆಯಿಂದ ಹೊರಟಿದ್ದು ಅದೇ ಮೊದಲು. ಬೆಚ್ಚಗಿರಲೆಂದು ಹೀಟರಿನ ಕೋಣೆಯಲ್ಲೇ ಅವಳಿಗೆ ಹಾಸಿಗೆ ಹಾಕಿದೆವು. ಮಗಳ ಮನೆಯಲ್ಲಿ ಅಮ್ಮ ಸಂಕೋಚವಿಲ್ಲದೆ ನಾಲ್ಕು ದಿನ ನಿಲ್ಲಬೇಕು ಎಂಬುದೊಂದೇ ನಮ್ಮಿಬ್ಬರ ಆಸೆ. ಅಷ್ಟರಲ್ಲಿ ಬಿಲ್ಲು ಬಂತು. ಭಾವ ಊಟಕ್ಕೆ ಕೂತವರೇ ಉತ್ಸಾಹದಿಂದ ಸಾರಿದರು. "ಈ ಸಲ ಜೋರಾಗಿ ಏರಿದೆ!"

ಅಮ್ಮ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ನಾವು ಯಾರೂ ಅದನ್ನು ಗಮನಿಸಲಿಲ್ಲ.

ಮರುದಿನ ಮೊಸರು ಹೆಪ್ಪಾಗಲಿಲ್ಲ. ಭಾವ ಹಾಲಿನ ಮೇಲೆ ಅನುಮಾನಪಟ್ಟು ಬೇರೆ ಅಂಗಡಿಯದು ತಂದರು. ಆಗಲಿಲ್ಲ. ಹೆಪ್ಪು ಹೆಚ್ಚು ಹಾಕಿಸಿದರು. ಆದರೂ ಹಾಲು ಹಾಲಾಗಿಯೇ ಇತ್ತು. ಕೊನೆಗೆ ಒಂದು ಮುಂಜಾನೆ ಹೀಟರನ್ನೇ ಮುಟ್ಟಿ ನೋಡಿದರು. ತಣ್ಣಗಿತ್ತು. ಅಮ್ಮ ಮಂಕಿ ಟೋಪಿ, ಸ್ವೆಟರು, ಶಾಲು ಎಲ್ಲ ಹೊದ್ದು ಹಾಸಿಗೆಯಲ್ಲಿ ಮುದುಡಿ ಕೂತಿದ್ದಳು.

"ಅತ್ತೆ, ಹೀಟರ್ ಆರಿಸಿದ್ದು ನೀವಾ?"

"ನಾನು ಬಂದ್ಮೇಲೆ ಬಿಲ್ಲು ಏರಿತು ಅಂದ್ರಲ್ಲಪ್ಪ. ನಂಗೇನು ಅಂಥಾ ಚಳಿ ಇಲ್ಲ ಬಿಡಿ. ಮೊಸರು ಕೆಡತ್ತೆ ಅಂತ ಹೊಳೀಲಿಲ್ಲ ನೋಡಿ."

ಭಾವ ನಾಡಿ ನೋಡುವವರಂತೆ ಅವಳ ಕೈ ಹಿಡಿದರು. ನೋಡಿಯಾದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಸಂಜೆ ಆಸ್ಪತ್ರೆಯಿಂದ ಬರುವಾಗ ದೊಡ್ಡದೊಂದು ಹೊಸ ಹೀಟರು ಹೊತ್ತು ತಂದರು. ಆಮೇಲೆ ಅದು ಹಗಲೂ ರಾತ್ರಿ ಉರಿಯಿತು. ಮೊಸರು ದಿನಾ ಹುಳಿಯಾಗಿ, ನಾವು ಮಜ್ಜಿಗೆಹುಳಿ ತಿಂದೇ ಚಳಿಗಾಲ ಕಳೆದೆವು.

ಗಣೇಶನ ಹಬ್ಬ ಬಂತು, ಮಂಗಳಾರತಿ ಮುಗಿಯಿತು. ಯಾರೋ ಕೇಳಿದರು. "ಏನ್ ಡಾಕ್ಟ್ರೇ, ಈ ವರ್ಷ ಎಷ್ಟು?"

ಆ ತಿಂಗಳ ಬಿಲ್ಲನ್ನು ನಾನು ಕಣ್ಣಾರೆ ಕಂಡಿದ್ದೆ, ದುಪ್ಪಟ್ಟಾಗಿತ್ತು. ಭಾವ ಒಮ್ಮೆ ಅಮ್ಮನ ಕಡೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಈ ವರ್ಷ ಏನೂ ಏರಿಲ್ಲ. ಸೊನ್ನೆ."

"ಸರ್ಕಾರಾನೇ ಏರಿದೆ ಅಂತ ಒಪ್ಕೊಂಡಿದೆಯಲ್ರೀ?"

"ಸರ್ಕಾರಕ್ಕೇನು ಗೊತ್ತು?"

ಎಲ್ಲರೂ ನಕ್ಕರು. ಅಷ್ಟು ವರ್ಷ ಅವರನ್ನು ಆಡಿಕೊಂಡು ನಕ್ಕಿದ್ದ ನನಗೆ ಮಾತ್ರ ಆ ದಿನ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, "ಸದ್ಯ, ನನ್ನಿಂದ ಏನೂ ಏರಲಿಲ್ಲವಂತೆ ಕಣೇ" ಎಂದಳು. ಆಮೇಲೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಹೀಟರಿನ ಕಡೆಗೆ ಹಾಯಾಗಿ ಕಾಲು ಚಾಚಿದಳು.