ಅಮ್ಮನ ವೇಲು, ನನ್ನ ಮರ್ಯಾದೆ

ಹೊಸನಗರದ ಪೇಟೆಯಲ್ಲಿ ಈಗ ನಾನು ತಲೆಯೆತ್ತಿ ಓಡಾಡುವ ಹಾಗಿಲ್ಲ. ಕಾರಣ, ಒಂದು ಗುಲಾಬಿ ಬಣ್ಣದ ವೇಲು.

ನಮ್ಮಮ್ಮ ಗುತ್ಯಮ್ಮನಿಗೆ ಅರವತ್ತು ದಾಟಿದ ಮೇಲೆ ಸ್ಕೂಟಿ ಕಲಿಯುವ ಹುಚ್ಚು ಹಿಡಿಯಿತು. ಅವಳ ತಂಗಿ ದುಗ್ಗಮ್ಮ ಇರುವುದು ಮಾಸ್ತಿಕಟ್ಟೆಯಲ್ಲಿ. ಮಂಡಿನೋವು, ಮನೆ ಬಿಟ್ಟು ಬರಲಾರಳು. ಅಕ್ಕ ತಂಗಿ ಮುಖ ನೋಡಿಕೊಂಡು ವರ್ಷವಾಗಿತ್ತು. ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತದೆ. ನನಗೆ ಮನಸ್ಸು ಬರುವುದು ಅದಕ್ಕಿಂತಲೂ ಅಪರೂಪ.

"ಬರೋ ಭಾನುವಾರ ಕರ್ಕೊಂಡು ಹೋಗ್ತೀನಮ್ಮ" ಎಂದೆ.

"ನಿನ್ನ ಭಾನುವಾರ ಬರೋಷ್ಟರಲ್ಲಿ ನಾವಿಬ್ರೂ ಇರಲ್ಲ. ಸ್ವಪ್ನನ ಸ್ಕೂಟಿ ಇದೆ, ನಾನೇ ಹೋಗ್ತೀನಿ. ಸೀರೆ ಚಕ್ರಕ್ಕೆ ಸಿಕ್ಕತ್ತೆ, ಒಂದ್ ಚೂಡಿದಾರ ಬೇಕು."

ಚೂಡಿದಾರ! ನಮ್ಮಮ್ಮನಿಗೆ! (ಮಹಿಳಾ ದಿನಾಚರಣೆಯಂದು ಸ್ತ್ರೀ ಸಬಲೀಕರಣದ ಬಗ್ಗೆ ಗಂಟಲು ಹರಿಯುವಷ್ಟು ಭಾಷಣ ಮಾಡಿದವನು ನಾನೇ. ಆದರೆ ಅದು ಲೋಕದ ಸ್ತ್ರೀಯರ ಬಗ್ಗೆ. ಅದರಲ್ಲಿ ನಮ್ಮಮ್ಮ ಇರಲಿಲ್ಲ.)

"ಜನ ಏನಂತಾರೆ? ಉಮೇಶನ ಅಮ್ಮ ಈ ವಯಸ್ಸಲ್ಲಿ..."

"ಜನರ ವಿಷ್ಯ ಬಿಡ್ರೀ, ನಿಮಗೇ ಹೊಟ್ಟೆನೋವು" ಎಂದಳು ನನ್ನ ಹೆಂಡತಿ ಸ್ವಪ್ನಾ, ತನ್ನದೇ ಒಂದು ಚೂಡಿದಾರವನ್ನು ಅತ್ತೆಯ ಮೈಗೆ ಹಿಡಿದು ನೋಡುತ್ತ.

ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿಗೆ ಉಳಿಯುವುದು ಬುದ್ಧಿಯೊಂದೇ. ಅದನ್ನು ಓಡಿಸಿದೆ. ಕಾಲೇಜು ಹುಡುಗಿಯರು ಧೂಳಿಗೆ, ಬಿಸಿಲಿಗೆ ವೇಲನ್ನು ಮುಖಕ್ಕೆಲ್ಲ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಗಾಡಿ ಓಡಿಸುವುದಿಲ್ಲವೇ? ಅಮ್ಮನೂ ಹಾಗೇ ಸುತ್ತಿಕೊಂಡು ಮೇಲೊಂದು ಹೆಲ್ಮೆಟ್ ಇಟ್ಟರೆ ಗುರುತು ಯಾರಪ್ಪನಿಗೆ ಸಿಗುತ್ತದೆ?

"ಮುಖ ಮುಚ್ಕೊಂಡ್ರೆ ಮಾತ್ರ ಕಲಿಸ್ತೀನಿ" ಎಂದು ರಾಜಾಜ್ಞೆ ಹೊರಡಿಸಿದೆ.

"ಕಳ್ಳತನಕ್ಕೆ ಹೊರಟಿದೀನೇನೋ?" ಎಂದು ಬೈದರೂ ಅಮ್ಮ ತಂಗಿಯನ್ನು ನೋಡುವ ಆಸೆಗೆ ಸುತ್ತಿಕೊಂಡಳು. ಪಾಪ, ಅವಳ ಕಣ್ಣು ನೋಡಿ ನನಗೂ ಒಂದು ಗಳಿಗೆ ಸಂಕಟವಾಯಿತು.

ದಿನಾ ಬೆಳಿಗ್ಗೆ ಮೈದಾನದಲ್ಲಿ ಪಾಠ. ಅಮ್ಮ ಮುಂದೆ, ಪ್ರಾಣಭಯದಿಂದ ಅವಳ ಹೆಗಲು ಹಿಡಿದ ನಾನು ಹಿಂದೆ. ಅಮ್ಮ ನನಗಿಂತ ಚೆನ್ನಾಗಿ ಕಲಿತಳು. ಲೈಸೆನ್ಸೂ ಬಂತು. ನನ್ನ ಉಪಾಯವೂ ಗೆದ್ದಿತ್ತು. ಅದು ಗುತ್ಯಮ್ಮ ಎಂದು ಒಂದು ನರಪಿಳ್ಳೆಗೂ ತಿಳಿಯಲಿಲ್ಲ.

ಹಾಗಾದರೆ ಉಮೇಶ ದಿನಾ ಹೆಗಲು ಹಿಡಿದು ಕೂರುವ ಆ ಗುಲಾಬಿ ವೇಲಿನ ತೆಳ್ಳನೆಯ ಹೆಂಗಸು ಯಾರು? ಊರು ಕೇಳತೊಡಗಿತು.

ಮೊನ್ನೆ ಅಮ್ಮ ಒಬ್ಬಳೇ ಮಾಸ್ತಿಕಟ್ಟೆಗೆ ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹಿಂದೆ ಕೂತೆ. ಇಳಿಯುತ್ತಿದ್ದಂತೆ, ನನಗೆ ಅಕ್ಷರ ಕಲಿಸಿದ ಮುಕುಂದಯ್ಯ ಮೇಷ್ಟ್ರು ಎದುರಾದರು.

"ಬಂಗಾರದಂಥ ಹೆಂಡ್ತಿನ ಮನೇಲಿಟ್ಕೊಂಡು ಇದೇನೋ ಉಮೇಶ? ಊರೆಲ್ಲ ಆಡ್ಕೊಳ್ತಿದೆ!"

ಅಮ್ಮನ ಕಿವಿಗೆ ಬಾಯಿಟ್ಟು, "ವೇಲು ಬಿಚ್ಚಮ್ಮ, ದಮ್ಮಯ್ಯ" ಎಂದೆ. (ಮೇಷ್ಟ್ರಿಗೆ ಅದೂ ಬೇರೆಯೇ ಕಂಡಿರಬೇಕು.)

"ಅವತ್ತು ನಿನ್ನ ಮರ್ಯಾದೆಗೆ ಮುಚ್ಕೊಂಡೆ. ಇವತ್ತು ನಿನ್ನ ಮರ್ಯಾದೆಗೇ ಬಿಚ್ಬೇಕಾ?" ಅಮ್ಮನೂ ಪಿಸುಗುಟ್ಟಿದಳು. "ಇನ್ಮೇಲೆ ಬಿಸ್ಲಿದ್ರೆ ಮುಚ್ಕೊಳ್ತೀನಿ, ಗಾಳಿ ಬೇಕಾದ್ರೆ ಬಿಚ್ತೀನಿ. ಈಗ ಬಿಸ್ಲಿದೆ."

ಸ್ಕೂಟಿ ಭರ್ರೆಂದು ಹೋಯಿತು. ಯಾರ ಹಂಗೂ ಇಲ್ಲದೆ ತಂಗಿಯನ್ನು ನೋಡಲು ಹೊರಟ ಅಮ್ಮನನ್ನು ಕಂಡು, ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು.

"ಯಾರೋ ಅವ್ಳು?" ಮೇಷ್ಟ್ರು ಬಿಡಲಿಲ್ಲ.

"ನಮ್ಮಮ್ಮ, ಸಾರ್."

ಅವರು ಎರಡೂ ಕಿವಿ ಮುಚ್ಚಿಕೊಂಡರು. "ಥೂ ನಿನ್ನ! ಸಿಕ್ಕಿಬಿದ್ದ ಮೇಲೆ ಹೆತ್ತ ತಾಯಿ ಹೆಸ್ರಾ ಹೇಳೋದು?"