ಎರಡು ಸಲ ಲೈನ್ ಕಡಿದರೆ

ಎಮ್ಮೆಟ್ ಕ್ರೌಡರ್ ತನ್ನ ಮನೆಬಸ್ಸಿನ ಪಕ್ಕ ಮಂಡಿಯೂರಿ, ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಪಾಯಿಖಾನೆ ಟ್ಯಾಂಕಿನ ಕೊಳವೆಯನ್ನು ನೆಲದ ಗುಂಡಿಗೆ ಸಿಕ್ಕಿಸಿ ಆಗಷ್ಟೇ ಹಿಡಿ ಎಳೆದಿದ್ದ. ಒಳಗೆ ಗಳಗಳ ಶುರುವಾಗಿತ್ತು. ಅದೇ ಹೊತ್ತಿಗೆ ಜೇಬಿನ ಫೋನು ಟಿಂಗ್ ಎಂದಿತು.

ಆ ಕೆಲಸದ ನಡುವೆ ಬುದ್ಧಿಯಿರುವವರು ಫೋನು ಮುಟ್ಟುವುದಿಲ್ಲ. ಆದರೆ ಆ ಟಿಂಗ್‌ಗಾಗಿ ಅವನು ಮೂರು ವಾರದಿಂದ ಕಾದಿದ್ದ. ಹಿಡಿಯನ್ನು ಒಳದಬ್ಬಿ, ಹಲ್ಲಿನಿಂದ ಗ್ಲೌಸು ಎಳೆಯಹೋಗಿ, ಅದು ಎಂಥ ಗ್ಲೌಸು ಎಂಬುದು ನೆನಪಾಗಿ, ಪ್ಯಾಂಟಿಗೆ ಉಜ್ಜಿ ಬಿಡಿಸಿಕೊಂಡು ಓದಿದ.

ಗುರುವಾರಕ್ಕಿದ್ದ ಸಂದರ್ಶನ ಇವತ್ತೇ, ಬೆಳಿಗ್ಗೆ ಹತ್ತಕ್ಕೆ. ವಿಡಿಯೊ ಕರೆ. ಇದು ಮನೆಯಲ್ಲಿ ಕೂತು ಮಾಡುವ ಕೆಲಸವಾದ್ದರಿಂದ ಅಭ್ಯರ್ಥಿ ಒಂದೇ ಕಡೆ ನೆಲೆನಿಂತವನಾಗಿರಬೇಕು, ಅವನ ಇಂಟರ್ನೆಟ್ ನಂಬುವಂತಿರಬೇಕು. ಕರೆ ಎರಡು ಸಲ ಕಡಿದರೆ ಅರ್ಜಿ ಅಲ್ಲಿಗೆ ಮುಗಿಯಿತು.

ಗಂಟೆ ಎಂಟೂ ನಲವತ್ತು. ಫೋನಿನ ಮೂಲೆಯಲ್ಲಿ ಸಿಗ್ನಲ್ ಒಂದು ಗೆರೆ ಕಾಣಿಸಿತು, ಕಣ್ಣು ಮಿಟುಕಿಸಿತು, ಹೋಯಿತು.

ಎಮ್ಮೆಟ್‌ನ ಹೆಂಡತಿ ಲೊರೇನ್ ಊರೂರು ಸುತ್ತುವ ನರ್ಸು. ಒಂದು ಆಸ್ಪತ್ರೆಯಲ್ಲಿ ಹದಿಮೂರು ವಾರ, ಆಮೇಲೆ ಇನ್ನೊಂದು ಊರು, ಇನ್ನೊಂದು ಆಸ್ಪತ್ರೆ. ಈ ಚಳಿಗಾಲ ಅರಿಜೋನಾ ಮರುಭೂಮಿಯ ಅಂಚಿನ ಈ ಮನೆಬಸ್ಸುಗಳ ತಂಗುದಾಣ. ಅವಳಿಗೆ ಈಗ ಆರು ತಿಂಗಳು. ದಿನಕ್ಕೆ ಹನ್ನೆರಡು ಗಂಟೆ ನಿಂತು ಬಂದವಳ ಕಾಲಿನಿಂದ ಶೂ ಎಳೆಯಲು ಎಮ್ಮೆಟ್ ತನ್ನ ಕಾಲನ್ನು ಮಂಚಕ್ಕೆ ಒತ್ತಿ ಹಿಡಿಯಬೇಕಾಗುತ್ತಿತ್ತು. ಈ ಕೆಲಸ ಸಿಕ್ಕರೆ ಅವಳು ಮುಂದಿನ ಹದಿಮೂರು ವಾರಕ್ಕೆ ರುಜು ಹಾಕಬೇಕಿಲ್ಲ. ಮಗು ಹುಟ್ಟುವವರೆಗೆ ಕಾಲು ಚಾಚಿ ಮಲಗಬಹುದು.

ಒಳಗೆ ಏಳು ವರ್ಷದ ಮಗಳು ಟಿಲ್ಲಿ ಹಾಲಿಗೆ ಕಾರ್ನ್‌ಫ್ಲೇಕ್ಸ್ ಹಾಕಿಕೊಂಡು ತಿನ್ನುತ್ತಿದ್ದಳು. ಎಮ್ಮೆಟ್ ಸೋಪು ಹಚ್ಚಿ ಕೈ ತೊಳೆಯುತ್ತಲೇ ಪಾಠ ಒಪ್ಪಿಸಿಕೊಂಡ.

"ಇಂಟರ್‌ವ್ಯೂ ಮಾಡೋ ಮೇಡಂ ಏನಾದ್ರೂ ನಿನ್ನ ಕೇಳಿದ್ರೆ, ನಾವಿರೋದು ಎಲ್ಲಿ?"

"ನಾನೂರ ಹನ್ನೊಂದು, ಜೂನಿಪರ್ ಬೀದಿ."

"ಮತ್ತೆ ಈ ಬಸ್ಸು?"

"ಯಾವ ಬಸ್ಸು?"

"ಜಾಣೆ."

"ಅಪ್ಪಾ, ಒಂದು ಕೇಳ್ಲಾ?"

"ಈಗ ಬೇಡ ಕಂದ. ಮೇಡಂ ಹೋಗೋವರೆಗೆ ಬಾಯಿಗೆ ಬೀಗ."

ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬಸ್ಸಿನಲ್ಲೇ ಬದುಕುವ ಸಾವಿರಾರು ಜನರಂತೆ ಅವರೂ ಸೌತ್ ಡಕೋಟಾದ ಒಂದು ಊರಿನಲ್ಲಿ ಒಂದೇ ಒಂದು ರಾತ್ರಿ ತಂಗಿ, ಜೂನಿಪರ್ ಬೀದಿಯ, ಊರೂರು ಅಲೆಯುವವರ ಟಪಾಲು ಹಿಡಿದಿಟ್ಟು ಕಳಿಸುವ ಅಂಗಡಿಯಲ್ಲಿ ಟಪಾಲು ಡಬ್ಬಿಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಲೈಸೆನ್ಸು, ತೆರಿಗೆ, ಮತ ಎಲ್ಲಕ್ಕೂ ಅದೇ ವಿಳಾಸ. ಡಬ್ಬಿಯ ನಂಬರನ್ನು ಅರ್ಜಿಯಲ್ಲಿ ಫ್ಲಾಟ್ ನಂಬರ್ ಎಂದು ತುಂಬಿದ್ದ. ಎಲ್ಲರೂ ಹಾಗೇ ತುಂಬುವುದು.

ಫೋನನ್ನು ತಲೆಯ ಮೇಲೆತ್ತಿ ಬಸ್ಸಿನ ಸುತ್ತ ಮೂರು ಪ್ರದಕ್ಷಿಣೆ ಹಾಕುವಷ್ಟರಲ್ಲಿ ಎದುರು ಬಸ್ಸಿನ ವರ್ಲಿನ್ ಬಂದೇಬಿಟ್ಟ. ಎಪ್ಪತ್ತನಾಲ್ಕರ ಮುದುಕ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಇಳಿದ ಮೇಲೆ ಮಾಡಲು ಏನೂ ಉಳಿದಿರಲಿಲ್ಲ.

"ಏನೋ ಎಮ್ಮೆಟ್, ಸ್ವರ್ಗಕ್ಕೆ ಕೈ ಚಾಚ್ತಿದ್ದೀಯ?"

"ಹತ್ತಕ್ಕೆ ಇಂಟರ್‌ವ್ಯೂ ಇದೆ. ಸಿಗ್ನಲ್ ಇಲ್ಲ."

"ಟವರ್ ಗುಡ್ಡದ ಆಚೆ ಇದೆ ಮಾರಾಯ. ನೀನು ಇಲ್ಲಿ ನೆಲದ ಮೇಲೆ ಕುಣಿದ್ರೆ ಏನು ಬಂತು. ತಡಿ."

ವರ್ಲಿನ್ ಈಜುಕೊಳದ ಕಸ ತೆಗೆಯುವ ಉದ್ದ ಗಳುವಿಗೆ ಸಿಗ್ನಲ್ ಹೆಚ್ಚಿಸುವ ಆಂಟೆನಾ ಕಟ್ಟಿಕೊಂಡು ಬಂದು, ಏಣಿ ಹತ್ತಿ, ಬಸ್ಸಿನ ನೆತ್ತಿಯ ಮೇಲೆ ದಂಡಧಾರಿಯಂತೆ ನಿಂತ. ಎಮ್ಮೆಟ್‌ನ ಫೋನಿನಲ್ಲಿ ಎರಡು ಗೆರೆ ಮೂಡಿದವು.

"ಇನ್ನೂ ಬರತ್ತೆ. ನಿನ್ನ ಏಸಿ ಡಬ್ಬ ಅಡ್ಡ ಬರ್ತಿದೆ. ಬಸ್ಸಿನ ಮೂತಿ ಸ್ವಲ್ಪ ಎಡಕ್ಕೆ ತಿರುಗಿಸು."

"ಈಗಲಾ?"

"ಇಲ್ಲ, ಇಂಟರ್‌ವ್ಯೂ ಆದ್ಮೇಲೆ ತಿರುಗಿಸು. ಚೆನ್ನಾಗಿ ಕಾಣ್ಸತ್ತೆ."

ನೆಲೆನಿಂತ ಬಸ್ಸನ್ನು ತಿರುಗಿಸುವುದೆಂದರೆ ತಿಂಡಿ ತಿನ್ನುತ್ತಿರುವ ಮನೆಯನ್ನು ತಟ್ಟೆ ಸಮೇತ ಎತ್ತಿದ ಹಾಗೆ. ಪಕ್ಕಕ್ಕೆ ಚಾಚಿದ್ದ ಕೋಣೆಯನ್ನು ಒಳಗೆಳೆದು, ಬಸ್ಸು ಅಲ್ಲಾಡದಂತೆ ಹಿಡಿಯುವ ಜ್ಯಾಕುಗಳನ್ನು ಎತ್ತಿ, ಕರೆಂಟು ಕಿತ್ತು, ನೀರು ಕಿತ್ತು, ಎಮ್ಮೆಟ್ ಸ್ಟಿಯರಿಂಗ್ ಹಿಡಿದ. ಅಲ್ಲಿ ಯಾರ ಬಸ್ಸಾದರೂ ಒಂದು ಅಡಿ ಅಲ್ಲಾಡಿದರೆ ನೋಡಲು ಜನ ಮಡಚುಕುರ್ಚಿ, ಕಾಫಿ ಹಿಡಿದು ಬರುವುದು ವಾಡಿಕೆ. ಐದಾರು ಕುರ್ಚಿಗಳು ಬಂದವು.

"ಎಡಕ್ಕೆ. ಇನ್ನೂ ಎಡಕ್ಕೆ. ಬಾ, ಬಾ," ಎಂದು ವರ್ಲಿನ್ ಮೇಲಿನಿಂದ ಕೂಗಿದ.

ಎಮ್ಮೆಟ್ ಎಲ್ಲವನ್ನೂ ಕಿತ್ತಿದ್ದ. ಒಂದನ್ನು ಬಿಟ್ಟು.

ಕೊಳವೆ ಮೊದಲು ಬಿಗಿಯಿತು. ಆಮೇಲೆ ಗುಂಡಿಯಿಂದ ಕಳಚಿಕೊಂಡು, ಬೆದರಿದ ಹಾವಿನಂತೆ ಒಂದು ಸುತ್ತು ಸುತ್ತಿ, ಬೆಳಿಗ್ಗೆ ತನ್ನ ಹೊಟ್ಟೆಯಲ್ಲಿ ಉಳಿದಿದ್ದನ್ನೆಲ್ಲ ಪಕ್ಕದ ಬಸ್ಸಿನ ಓಪಲ್ ಹಾಸಿದ್ದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಕಕ್ಕಿತು. ಕುರ್ಚಿಗಳೆಲ್ಲ ಒಟ್ಟಿಗೇ ಹತ್ತಡಿ ಹಿಂದೆ ಸರಿದವು.

ಓಪಲ್ ಪೊರಕೆ ಹಿಡಿದೇ ಹೊರಬಂದಳು. ಅರವತ್ತೆಂಟರ ವಿಧವೆ. ತನ್ನ ಜಾಗದ ಸುತ್ತ ಬಿಳಿ ಕಲ್ಲು ಜೋಡಿಸಿ, ಅದನ್ನು ದಾಟುವ ಇರುವೆಗೂ ಲೆಕ್ಚರ್ ಕೊಡುವವಳು.

"ಎಮ್ಮೆಟ್ ಕ್ರೌಡರ್, ನನ್ನ ಹುಲ್ಲಿಗೆ ಗೊಬ್ಬರ ಬೇಕು ಅಂತ ನಿನಗೆ ಯಾರಪ್ಪ ಹೇಳಿದ್ದು?"

"ತಪ್ಪಾಯ್ತು ಓಪಲ್. ಎಲ್ಲಾ ತೊಳೆದುಕೊಡ್ತೀನಿ. ಹತ್ತಕ್ಕೊಂದು ಇಂಟರ್‌ವ್ಯೂ... ಲೊರೇನ್ ಇನ್ನೊಂದು ಆಸ್ಪತ್ರೆಗೆ ಹೋಗೋದು ತಪ್ಪತ್ತೆ..."

ಓಪಲ್ ಪೊರಕೆ ಕೆಳಗಿಳಿಸಿದಳು. ಹಿಂದಿನ ಸಂಜೆ ಲೊರೇನ್ ಬಸ್ಸಿನ ಎರಡು ಮೆಟ್ಟಿಲ ಮುಂದೆ ನಿಂತು ಉಸಿರು ತೆಗೆದುಕೊಂಡದ್ದನ್ನು ಅವಳೂ ಕಿಟಕಿಯಿಂದ ನೋಡಿದ್ದಳು.

"ನೀನು ಹೋಗಿ ಅಂಗಿ ಬದಲಾಯ್ಸು. ಇದನ್ನ ನಾನು ನೋಡ್ಕೋತೀನಿ. ನಿನ್ನ ಹಿಂದೆ ಏನು ಕಾಣ್ಸತ್ತೆ, ಆ ಸ್ಟಿಯರಿಂಗಾ? ತಡಿ, ನನ್ನ ಹತ್ರ ಒಂದು ಪರದೆ ಇದೆ."

ಅದು ಸ್ನಾನದ ಮನೆಯ ಪರದೆ. ಮೇಲೆ ಪುಸ್ತಕ ತುಂಬಿದ ಕಪಾಟಿನ ಚಿತ್ರ. ಹತ್ತಕ್ಕೆ ಮೂರು ನಿಮಿಷವಿದ್ದಾಗ ಎಮ್ಮೆಟ್ ಅದರ ಮುಂದೆ, ಮೇಲೆ ಇಸ್ತ್ರಿ ಅಂಗಿ, ಕೆಳಗೆ ಬೆಳಗಿನದೇ ಪ್ಯಾಂಟಿನಲ್ಲಿ, ಓದಿ ದಣಿದ ವಿದ್ವಾಂಸನಂತೆ ಕೂತ. ಟಿಲ್ಲಿ ಹಾಸಿಗೆಯ ಮೇಲೆ ತುಟಿಗೆ ಬೆರಳಿಟ್ಟು ಕೂತಳು. ನೆತ್ತಿಯ ಮೇಲೆ ವರ್ಲಿನ್. ಸಿಗ್ನಲ್ ನಾಲ್ಕು ಗೆರೆ.

ಸರಿಯಾಗಿ ಹತ್ತಕ್ಕೆ ಕಾನ್‌ಸ್ಟನ್ಸ್ ಹ್ಯಾಡ್ಲಿ ಎಂಬ ಮೇಡಂ ತೆರೆಯ ಮೇಲೆ ಬಂದಳು. ಬೂದು ಕೋಟು, ಬಿಗಿದ ತುರುಬು, ಹಿಂದೆ ಬಿಳಿ ಗೋಡೆ.

"ನಿಮ್ಮ ಕೊನೆಯ ಕೆಲಸದ ಬಗ್ಗೆ ಹೇಳಿ, ಮಿಸ್ಟರ್ ಕ್ರೌಡರ್."

ಹೇಳತೊಡಗಿದ. ಹೊರಗೆ ಕುರ್ಚಿಯಲ್ಲಿದ್ದವರೊಬ್ಬರು, "ಕೈ ನೋಯ್ತಿಲ್ವಾ ವರ್ಲಿನ್?" ಎಂದು ಕೇಳಿದರು. ವರ್ಲಿನ್, "ಏನೂ ಇಲ್ಲ," ಎನ್ನುತ್ತ ಕೈ ಬೀಸಿ ತೋರಿಸಿದ. ಗಳು ಇದ್ದ ಕೈಯನ್ನೇ.

ಮೇಡಂ ಬಾಯಿ ತೆರೆದ ಹಾಗೇ ನಿಂತುಹೋದಳು. ಆಮೇಲೆ ತೆರೆ ಕಪ್ಪಾಗಿ ಅಕ್ಷರ ಮೂಡಿತು: ಕರೆ ಕಡಿದಿದೆ. ಐದು ನಿಮಿಷದೊಳಗೆ ಮರಳಿ ಸೇರಿ.

ಒಂದು ಸಲ ಆಯಿತು. ಉಳಿದದ್ದು ಒಂದೇ.

ಓಪಲ್ ಕಿಟಕಿಗೆ ಮುಖವಿಟ್ಟಳು. "ಆ ಮುದುಕನ್ನ ನಂಬಿದ್ಯಲ್ಲ ನೀನು. ನನ್ನ ಬಸ್ಸಿನ ಮೇಲೆ ಮಗ ಹಾಕಿಸಿಕೊಟ್ಟ ಇಂಟರ್ನೆಟ್ ಡಿಶ್ ಇದೆ. ಆಕಾಶದಿಂದ ನೇರ ಬರತ್ತೆ."

"ಮೊದಲೇ ಯಾಕೆ ಹೇಳಲಿಲ್ಲ ಓಪಲ್?"

"ನೀನೆಲ್ಲಿ ಕೇಳಿದೆ?"

"ಪಾಸ್‌ವರ್ಡ್?"

"ಬಿಸ್ಕಿಟ್. ನನ್ನ ನಾಯಿ ಹೆಸರು. ಆಮೇಲೆ ಗಂಡ ತೀರಿಕೊಂಡ ವರ್ಷ."

"ಯಾವ ವರ್ಷ?"

ಓಪಲ್ ಯೋಚಿಸಿದಳು. "ಯಾವ ಗಂಡ ಅಂತ ಮೊದ್ಲು ನೆನಪು ಮಾಡ್ಕೋಬೇಕು."

ನಾಲ್ಕು ನಿಮಿಷ. "ಮೊದಲನೇವ್ರು?"

"ರೇಮಂಡ್, ತೊಂಬತ್ತೆಂಟು." ಆಗಲಿಲ್ಲ.

"ಎರಡನೇವ್ರು?"

"ಅವನು ಸತ್ತಿಲ್ಲ. ಫ್ಲಾರಿಡಾಗೆ ಹೋದ."

ಎರಡು ನಿಮಿಷ. "ಮೂರನೇವ್ರು, ಓಪಲ್. ಬೇಗ."

"ಕ್ಲೈಡ್. ಪಾಪ, ಒಳ್ಳೇ ಮನುಷ್ಯ. ಎರಡು ಸಾವಿರದ ಹದಿನೈದು... ಅಲ್ಲ, ಹದಿನಾರರ ಜನವರಿ. ಕ್ರಿಸ್‌ಮಸ್ ಹ್ಯಾಮ್ ಇನ್ನೂ ಉಳಿದಿತ್ತು."

ಹದಿನಾರು ಎಂದು ಒತ್ತಿದ. ಕ್ಲೈಡ್ ಕೈ ಬಿಡಲಿಲ್ಲ. ಇಪ್ಪತ್ತು ಸೆಕೆಂಡು ಬಾಕಿಯಿರುವಾಗ ಮೇಡಂ ಮತ್ತೆ ಮೂಡಿದಳು. ಈ ಸಲ ಅವಳ ಕೋಟಿನ ನೂಲೂ ಎಣಿಸುವಷ್ಟು ಸ್ಪಷ್ಟ.

"ಇನ್ನೊಮ್ಮೆ ಹೀಗಾಗಬಾರದು, ಮಿಸ್ಟರ್ ಕ್ರೌಡರ್."

"ಆಗಲ್ಲ ಮೇಡಂ."

ಇಪ್ಪತ್ತು ನಿಮಿಷ ಲೈನು ಬಂಡೆಯಂತೆ ನಿಂತಿತು. ಕೇಳಿದ್ದಕ್ಕೆಲ್ಲ ಎಮ್ಮೆಟ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಉತ್ತರ ಕೊಟ್ಟ. ಇನ್ನೇನು ಮುಗಿಯಿತು ಎನ್ನುವಾಗ, ಮೇಲೆ ತನ್ನ ಕೆಲಸ ಉಳಿದಿಲ್ಲವೆಂದು ತಿಳಿದ ವರ್ಲಿನ್ ಏಣಿ ಇಳಿಯತೊಡಗಿದ. ತಿರುಗಿಸಿದ ಮೇಲೆ ಜ್ಯಾಕು ಇಳಿಸಲು ಎಮ್ಮೆಟ್ ಮರೆತಿದ್ದ. ಒಂದೊಂದು ಮೆಟ್ಟಿಲಿಗೂ ಬಸ್ಸು ತೊಟ್ಟಿಲಿನಂತೆ ತೂಗಿತು. ಬೆನ್ನ ಹಿಂದೆ ಕಪಾಟಿನ ಪುಸ್ತಕಗಳು ಅಲೆ ಅಲೆಯಾಗಿ ಎದ್ದು ಬಿದ್ದವು.

ಮೇಡಂ ಕನ್ನಡಕ ಸರಿಮಾಡಿಕೊಂಡಳು. "ನಿಮ್ಮ ಪುಸ್ತಕಗಳು..."

"ಹಳೇ ಮನೆ ಮೇಡಂ. ಗಾಳಿ ಬರತ್ತೆ."

"ಹೌದಾ. ಅರ್ಜಿ ನನ್ನವರೆಗೆ ಬರೋದಿಲ್ಲ, ಬರಿ ಹೆಸರು ಬರೋದು. ದಾಖಲೆಗೆ ವಿಳಾಸ ಒಮ್ಮೆ ಹೇಳಿ."

"ನಾನೂರ ಹನ್ನೊಂದು, ಜೂನಿಪರ್ ಬೀದಿ, ಫ್ಲಾಟ್ ನಂಬರ್ ಮೂರು ಸಾವಿರದ ನೂರ ನಲವತ್ತು. ಸೌತ್ ಡಕೋಟಾ."

ತೆರೆ ಸ್ತಬ್ಧವಾಯಿತು. ಎರಡನೆಯ ಸಲವೂ ಕಡಿಯಿತೆಂದುಕೊಂಡ ಎಮ್ಮೆಟ್. ಆದರೆ ಮೇಡಂ ಕಣ್ಣಿನ ರೆಪ್ಪೆ ಬಡಿಯುತ್ತಿತ್ತು.

"ದೊಡ್ಡ ಕಟ್ಟಡ ಇರಬೇಕು," ಎಂದಳು ಮೆಲ್ಲಗೆ. "ಮೂರು ಸಾವಿರ ಫ್ಲಾಟು."

ಎಮ್ಮೆಟ್ ಅಂಗಿಯ ಕಾಲರು ಸರಿಮಾಡಿಕೊಂಡ.

ಮೇಡಂ ಎದ್ದು, ತನ್ನ ಹಿಂದಿನ ಬಿಳಿ ಗೋಡೆಯ ಮೂಲೆ ಹಿಡಿದು ಎತ್ತಿದಳು. ಅದು ಮಂಚದ ಹೊದಿಕೆ. ಅದರ ಹಿಂದೆ ಸ್ಟಿಯರಿಂಗು, ಮುಂಗಾಜು, ಗಾಜಿನಾಚೆ ಯಾವುದೋ ಕೆರೆ.

"ನಂದು ಎರಡು ಸಾವಿರದ ಇನ್ನೂರ ಆರು," ಎಂದಳು. "ಅದೇ ಕಟ್ಟಡ."

ಎಮ್ಮೆಟ್‌ಗೆ ನಗು ಉಕ್ಕಿ ಬಂತು. ಆರು ತಿಂಗಳ ಭಾರವೆಲ್ಲ ಅವನ ಹೆಗಲಿನಿಂದಲೇ ಇಳಿದಂತಾಯಿತು. "ಅಯ್ಯೋ, ಮೊದ್ಲೇ ಹೇಳ್ಬಾರದಾ ಮೇಡಂ. ಹಾಗಾದ್ರೆ ನಾವು ನಾವೇ."

"ನಾವು ನಾವೇ ಅನ್ನೋದೇ ತೊಂದರೆ." ಅವಳ ದನಿಯಲ್ಲಿ ಈಗ ಬಿಗಿಯಿರಲಿಲ್ಲ. "ನಾನೂ ಹೀಗೇ ಪರದೆ ಕಟ್ಟಿ ಸೇರಿದವಳು. ಒಂದೇ ವಿಳಾಸದಲ್ಲಿ ಇಬ್ಬರು ಕೆಲಸಕ್ಕೆ ಸೇರಿದ್ರೆ ಕಚೇರಿ ಕಂಪ್ಯೂಟರ್ ಎತ್ತಿ ತೋರಿಸತ್ತೆ. ಯಾರಾದ್ರೂ ಹೋಗಿ ನೋಡ್ತಾರೆ. ಕಾಣೋದು ಟಪಾಲು ಅಂಗಡಿ. ಆಮೇಲೆ ನೀವೂ ಇಲ್ಲ, ನಾನೂ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ, ಎಮ್ಮೆಟ್."

"ಬೇರೆ ವಿಳಾಸ ಕೊಡ್ತೀನಿ."

"ಲೈಸೆನ್ಸ್ ಕೇಳ್ತಾರೆ. ಅದ್ರಲ್ಲಿ ಯಾವುದಿದೆ?"

ಅದರಲ್ಲಿ ಜೂನಿಪರ್ ಬೀದಿಯೇ ಇತ್ತು.

"ಬೇಜಾರು ಮಾಡ್ಕೋಬೇಡಿ," ಎಂದಳು ಕಾನ್‌ಸ್ಟನ್ಸ್. "ಈ ವಾರ ನೋಡಿದವರಲ್ಲೆಲ್ಲ ನಿಮ್ಮ ಲೈನೇ ಚೆನ್ನಾಗಿತ್ತು. ನಂದು ಇಲ್ಲಿ ದಿನಾ ಸತ್ತು ಹುಟ್ಟತ್ತೆ. ಅದು ಯಾವ ಡಿಶ್ಶು, ಸ್ವಲ್ಪ ಹೇಳ್ತೀರಾ?"

ಎಮ್ಮೆಟ್ ಓಪಲ್‌ಳನ್ನು ಕೇಳಿ ಡಿಶ್ಶಿನ ಹೆಸರು ಹೇಳಿದ. ಅವಳು ಬರೆದುಕೊಂಡಳು. ಕರೆ ಒಂದು ಸಲವೂ ತಡವರಿಸದೆ ಮುಗಿಯಿತು.

ಕಿಟಕಿಯ ಹೊರಗೆ ಓಪಲ್, ವರ್ಲಿನ್, ಕುರ್ಚಿಯವರು ಎಲ್ಲರೂ ಹೆಬ್ಬೆರಳು ಎತ್ತಿ ನಿಂತಿದ್ದರು. ಇಷ್ಟು ಹೊತ್ತು ಲೈನು ನಿಂತಿತೆಂದರೆ ಕೆಲಸ ಸಿಕ್ಕಿತೆಂದೇ ಅವರ ಲೆಕ್ಕ. ಲೊರೇನ್‌ಗೆ ಫೋನು ಮಾಡಬೇಕು. ಏನೆಂದು ಹೇಳುವುದು? ಎಮ್ಮೆಟ್ ಪರದೆಯ ಪುಸ್ತಕಗಳಿಗೆ ತಲೆ ಆನಿಸಿ ಕೂತ. ಪುಸ್ತಕಗಳು ಹಿಂದಕ್ಕೆ ಬಾಗಿದವು.

ಟಿಲ್ಲಿ ಹಾಸಿಗೆಯಿಂದ ಇಳಿದು ಬಂದು ಅವನ ಮೊಣಕಾಲಿಗೆ ಒರಗಿ ನಿಂತಳು. ತುಟಿಯ ಮೇಲೆ ಬೆರಳು ಇನ್ನೂ ಹಾಗೇ ಇತ್ತು. ಮೇಡಂ ಹೋದದ್ದು ಖಚಿತವಾದ ಮೇಲೆ ಬೆರಳು ತೆಗೆದಳು.

"ಅಪ್ಪಾ, ಈಗ ಕೇಳ್ಲಾ?"

"ಕೇಳು ಕಂದ."

"ನಾವೂ ಬಸ್ಸಲ್ಲಿದ್ದೀವಿ, ಆ ಮೇಡಮ್ಮೂ ಬಸ್ಸಲ್ಲಿದ್ದಾರೆ. ಹಾಗಾದ್ರೆ ನಮ್ಮ ಮನೇಲಿ ಯಾರಿದ್ದಾರೆ?"